ಸರಕಾರದ ಆರೋಗ್ಯ ವಿಮೆಯೂ ನಾವೂ

(ಸಂಘದ ಆಶ್ರಯದಲ್ಲಿ ನಾಂಪಲ್ಲಿಯಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ಪಂಪನನ್ನೋ ಬಸವಣ್ಣನನ್ನೋ ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ತಕ್ಕ ವಿದ್ವಾಂಸರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಕಾರ್ಯದರ್ಶಿಗಳು, "ನಿನಗೆ ಗೊತ್ತಿದ್ದದ್ದನ್ನೇ ಹೇಳಪಾ, ಇಪ್ಪತ್ತು ನಿಮಿಷ ಮಾತ್ರ ಮೀರಬ್ಯಾಡ" ಎಂದು ಅಪ್ಪಣೆ ಕೊಟ್ಟಿದ್ದಾರೆ. ನನಗೆ ಗೊತ್ತಿರುವುದು ಜಮಾ ಖರ್ಚು. ಆದುದರಿಂದ ಜಮಾ ಖರ್ಚಿನ ಒಂದು ವಿಷಯವನ್ನೇ ತಮ್ಮ ಮುಂದೆ ಇಡುತ್ತೇನೆ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಊರಿನ ಕಾಯಿಲೆಗಳೆಲ್ಲ ತಿಳಿಯುತ್ತವೆ. ವೈದ್ಯರಿಗೆ ರೋಗದ ಹೆಸರು ತಿಳಿದರೆ ನಮಗೆ ರೋಗದ ಬೆಲೆ ತಿಳಿಯುತ್ತದೆ. ಅವಧಿ ಮುಗಿಯದ ಠೇವಣಿಯನ್ನು ಮುರಿಸಲು ಬಂದವರನ್ನು "ಬಡ್ಡಿ ಹೋಗುತ್ತದಲ್ಲ, ಏನು ಕಾರಣ?" ಎಂದು ಕೇಳಿದರೆ, ಹತ್ತರಲ್ಲಿ ನಾಲ್ಕೈದು ಮಂದಿಯಾದರೂ ದವಾಖಾನೆಯ ಮಾತನ್ನೇ ಎತ್ತುತ್ತಾರೆ. ಇದು ನಾನು ಕಂಡ ಲೆಕ್ಕವೇ ಹೊರತು ಯಾವ ವರದಿಯ ಲೆಕ್ಕವೂ ಅಲ್ಲ. ಆದರೆ ಸರಕಾರದ ಲೆಕ್ಕವೂ ಇದಕ್ಕೆ ಬಹಳ ದೂರವಿಲ್ಲ. ನಮ್ಮ ದೇಶದಲ್ಲಿ ಆರೋಗ್ಯಕ್ಕಾಗಿ ಆಗುವ ಒಟ್ಟು ವೆಚ್ಚದಲ್ಲಿ ಜನರು ತಮ್ಮ ಕೈಯಿಂದಲೇ ತೆತ್ತದ್ದು 2013-14ರಲ್ಲಿ ನೂರಕ್ಕೆ 64ರಷ್ಟಿತ್ತು. 2021-22ರ ಹೊತ್ತಿಗೆ ಅದು ನೂರಕ್ಕೆ 39ಕ್ಕೆ ಇಳಿಯಿತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಸಂತೋಷ. ಆದರೆ ಈ 39 ಬರುವುದು ಠೇವಣಿಯಿಂದ, ಸಾಲದಿಂದ, ಇಲ್ಲವೇ ಹೆಣ್ಣುಮಕ್ಕಳ ಕೊರಳಿನಿಂದ ಎಂಬುದನ್ನು ನಾವು ಮರೆಯಬಾರದು.

ಕೊರಳಿನ ಮಾತು ಬಂದದ್ದರಿಂದ ನಮ್ಮ ಮನೆಯ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಹೇಳಬೇಕೋ ಬೇಡವೋ ಎಂದು ಯೋಚಿಸಿದ್ದೆ. ಮಾಮಾನನ್ನೇ ಕೇಳಿದೆ. "ಹೇಳು ತಮ್ಮಾ, ನಾಕು ಮಂದಿಗೆ ಉಪಯೋಗ ಆದ್ರ ಆಗ್ಲಿ" ಎಂದರು.

ನನ್ನ ಸೋದರಮಾವ ಬೀದರ ಜಿಲ್ಲೆಯವರು. ಮಳೆ ಕೈಕೊಟ್ಟ ವರ್ಷವೊಂದರಲ್ಲಿ ಊರು ಬಿಟ್ಟು ಈ ನಗರಕ್ಕೆ ಬಂದು, ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲುಗಾರರಾಗಿ ಸೇರಿದರು. ರೇಷನ್ ಕಾರ್ಡು ಊರಲ್ಲೇ ಉಳಿಯಿತು. 2016ರಲ್ಲಿ ಒಂದು ದಿನ ಆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದು, "ಇದನ್ನ ಇಲ್ಲಿಗೆ ಬದಲಿ ಮಾಡಸ್ಲಿಕ್ಕಿ ಬರ್ತದೇನು? ಅರ್ಜಿ ಬರೆದುಕೊಡು" ಎಂದರು. ಬ್ಯಾಂಕಿನವನು, ಫಾರಂ ತುಂಬುವುದೇ ನನ್ನ ಕಸುಬು. ಆದರೂ ನಾನು, "ಊರಾಗ ಅತ್ತಿಗೆ ಅಕ್ಕಿ ಬರ್ತಾವಲ್ಲ ಮಾಮಾ. ಅಲ್ಲಿ ಹೆಸರು ತೆಗಿಸಿ, ಇಲ್ಲಿ ಸಿಗದೆ ಹೋದ್ರ ಎರಡೂ ಹೋಗ್ತಾವ. ಮುಂದ ನೋಡೂಣು" ಎಂದುಬಿಟ್ಟೆ. ಅವರು ಒಂದೂ ಮಾತಾಡದೆ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೋದರು. ನನ್ನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಸತ್ಯವನ್ನೇ ಹೇಳಬೇಕಾದರೆ, ಆ ದಿನ ಭಾನುವಾರ. ನನಗೆ ಬರೆಯಲು ಬೇಸರವಾಗಿತ್ತು.

2019ರಲ್ಲಿ ಅವರಿಗೆ ಎದೆನೋವು ಬಂತು. ರಾತ್ರಿ ಹನ್ನೊಂದು ಗಂಟೆ. ಹತ್ತಿರವಿದ್ದ ಖಾಸಗಿ ದವಾಖಾನೆಯೊಂದಕ್ಕೆ ಕರೆದೊಯ್ದೆವು. ತೆಲಂಗಾಣದ ಆರೋಗ್ಯಶ್ರೀ ಯೋಜನೆ ಅಲ್ಲಿ ಇತ್ತು. ಆದರೆ ಅದಕ್ಕೆ ತೆಲಂಗಾಣದ ಆಹಾರ ಭದ್ರತಾ ಕಾರ್ಡು ಬೇಕು. ಮಾಮಾನ ಕಾರ್ಡು ಕರ್ನಾಟಕದ್ದು. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ ಯೋಜನೆ ಅದಾಗಲೇ ಬಂದಿತ್ತು. ಅದು ದೇಶದಲ್ಲೆಲ್ಲ ನಡೆಯುತ್ತದೆಂದು ಪತ್ರಿಕೆಯಲ್ಲಿ ಓದಿದ್ದೆ. ಆದರೆ ತೆಲಂಗಾಣ ಸರಕಾರ ಆಗ ಆ ಯೋಜನೆಗೆ ಸೇರಿರಲಿಲ್ಲ. ಹೀಗೆ ಎರಡು ಸರಕಾರಗಳ ಎರಡು ಒಳ್ಳೆಯ ಯೋಜನೆಗಳ ನಡುವೆ ನನ್ನ ಮಾಮಾ ಗಾಡಿಯ ಮೇಲೆ ಮಲಗಿದ್ದರು. ಕೌಂಟರಿನಲ್ಲಿದ್ದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಿಯಮವನ್ನು ಹೇಳುವ ಕೆಲಸ ನನ್ನದೂ ಹೌದು.

ಎಲ್ಲ ಸೇರಿ ಎರಡು ಲಕ್ಷದ ಮೇಲೆ ಖರ್ಚಾಯಿತು. ಮರುದಿನ ಅತ್ತೆ ಊರಿನಿಂದ ಬಂದು ನೇರವಾಗಿ ನಮ್ಮ ಬ್ಯಾಂಕಿಗೇ ಬಂದರು. ಸೆರಗಿನ ಗಂಟು ಬಿಚ್ಚಿ, ಬೋರಮಾಳ ಮತ್ತು ನಾಲ್ಕು ಪಾಟ್ಲಿಗಳನ್ನು ಮೇಜಿನ ಮೇಲಿಟ್ಟರು. ಚಿನ್ನ ಪರೀಕ್ಷಿಸುವವನು ಒರೆಗೆ ಹಚ್ಚಿ ತೂಕ ಹೇಳಿದ. ಸಾಲದ ಕಾಗದವನ್ನು ನಾನೇ ಬರೆದೆ. ಅತ್ತೆ ಹೆಬ್ಬೆಟ್ಟು ಒತ್ತುತ್ತ, "ನಮ್ಮವ್ವ ಹಾಕಿದ್ದು. ಜ್ವಾಕಿಯಿಂದ ಇಡ್ರಿ" ಎಂದರು. ನನ್ನನ್ನು ಹಾಲು ಕುಡಿಸಿ ಬೆಳೆಸಿದವರು ಅಂದು ನನಗೆ ಬಹುವಚನ ಹಚ್ಚಿದರು, ನಾನು ಬ್ಯಾಂಕಿನ ಮೇಜಿನ ಆಚೆಗಿದ್ದೆನಲ್ಲ! ಪಾಟ್ಲಿಗಳನ್ನು ಎರಡು ವರ್ಷಕ್ಕೆ ಬಿಡಿಸಿದೆವು. ಬೋರಮಾಳವನ್ನು ಮಾರಿಯೇ ಸಾಲ ಮುಟ್ಟಿಸಬೇಕಾಯಿತು.

2016ರಲ್ಲಿ ನಾನು ಅರ್ಜಿ ಬರೆದಿದ್ದರೆ ಕಾರ್ಡು ಸಿಗುತ್ತಿತ್ತೋ ಇಲ್ಲವೋ ಹೇಳಲಾರೆ. ತೆಲಂಗಾಣದಲ್ಲಿ ಹೊಸ ಕಾರ್ಡುಗಳಿಗೆ ಜನರು ವರ್ಷಗಟ್ಟಲೆ ಕಾದದ್ದು, 2025ರಲ್ಲಿ ದೊಡ್ಡ ಪ್ರಮಾಣದಲ್ಲಿ ಹಂಚಿಕೆ ಆರಂಭವಾದದ್ದು ತಮಗೆಲ್ಲ ತಿಳಿದದ್ದೇ. ಆದರೆ ಅರ್ಜಿಯನ್ನಂತೂ ನಾನು ಬರೆಯಲಿಲ್ಲ. ಸರಕಾರವನ್ನು ದೂರುವ ಮುನ್ನ ಈ ಮಾತನ್ನು ಒಪ್ಪಿಕೊಳ್ಳುವುದು ನ್ಯಾಯ.

ಇನ್ನು ವಿಷಯಕ್ಕೆ ಬರೋಣ. ವಿಮೆ ಎಂದರೇನು? ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿ ಇರುವುದಷ್ಟೆ? ಒಬ್ಬರ ಮನೆಯ ಮದುವೆಗೆ ಊರೆಲ್ಲ ಮುಯ್ಯಿ ಮಾಡುತ್ತದೆ. ಅವರು ಇನ್ನೊಬ್ಬರ ಮನೆಗೆ ಮಾಡುತ್ತಾರೆ. ಮದುವೆ ಯಾರ ಮನೆಯಲ್ಲಿ ಯಾವಾಗ ಆಗುತ್ತದೆಂದು ಗೊತ್ತಿರುತ್ತದೆ. ಕಾಯಿಲೆ ಯಾರ ಮನೆಗೆ ಬರುತ್ತದೆಂದು ಗೊತ್ತಿರುವುದಿಲ್ಲ. ವ್ಯತ್ಯಾಸ ಇಷ್ಟೇ. ಗಟ್ಟಿಮುಟ್ಟಾದವರು "ನಮಗೇಕೆ?" ಎಂದು ದೂರ ಉಳಿದು, ಕಾಯಿಲೆಯವರು ಮಾತ್ರ ಹಣ ಕೂಡಿಸಿದರೆ ಆ ನಿಧಿ ಒಂದು ವರ್ಷ ಬಾಳುವುದಿಲ್ಲ. ಆದುದರಿಂದಲೇ ಎಲ್ಲರನ್ನೂ ಒಳಗೆ ತರಬೇಕು, ಅದನ್ನು ಸರಕಾರವೇ ಮಾಡಬೇಕು ಎಂಬ ವಾದ ಹುಟ್ಟಿತು. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗಾಗಿ ಇಂಥ ಕಾನೂನನ್ನು ತಂದ. ಬ್ರಿಟನ್ನಿನವರು 1948ರ ಜುಲೈ 5ರಂದು ವಿಮೆಯ ಗೋಜೇ ಬೇಡವೆಂದು, ತೆರಿಗೆಯ ಹಣದಿಂದಲೇ ಎಲ್ಲರಿಗೂ ಚಿಕಿತ್ಸೆ ಕೊಡಲಾರಂಭಿಸಿದರು.

ಈ ಮಾತು ಎಲ್ಲಿ ಎದ್ದರೂ ಜಗಳ ಎದ್ದಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ 1962ರ ಜುಲೈ 1ರಂದು ಸರಕಾರಿ ಯೋಜನೆ ಜಾರಿಗೆ ಬಂದ ದಿನವೇ ವೈದ್ಯರು ಮುಷ್ಕರ ಹೂಡಿ, ಮೂರು ವಾರಕ್ಕೂ ಮೀರಿ ನಡೆಸಿದರು. ಅಮೇರಿಕದಲ್ಲಿ ವೃದ್ಧರಿಗಾಗಿ ಇಂಥ ವಿಮೆ ಬರಬಾರದೆಂದು ಅಲ್ಲಿನ ವೈದ್ಯಸಂಘವು 1961ರಲ್ಲಿ ಗ್ರಾಮಫೋನ್ ತಟ್ಟೆಯೊಂದನ್ನೇ ಹೊರಡಿಸಿತು. ಅದರಲ್ಲಿ ಮಾತನಾಡಿದವನು ಚಲಚ್ಚಿತ್ರ ನಟ ರೊನಾಲ್ಡ್ ರೇಗನ್. 1965ರಲ್ಲಿ ಯೋಜನೆ ಬಂದೇ ಬಂತು. ಮುಂದೆ ಅದೇ ರೇಗನ್ ಅಧ್ಯಕ್ಷನಾಗಿ ಎಂಟು ವರ್ಷ ಆಳಿದಾಗಲೂ ಅದು ಹೋಗಲಿಲ್ಲ. ಜನರ ಕೈಗೆ ಒಮ್ಮೆ ಬಂದದ್ದನ್ನು ಕಸಿಯುವುದು ಯಾವ ಪಕ್ಷಕ್ಕೂ ಸುಲಭವಲ್ಲ.

ನಮ್ಮಲ್ಲಿಯೂ ಈ ಯೋಚನೆ ನಿನ್ನೆ ಮೊನ್ನೆಯದಲ್ಲ. 1946ರಲ್ಲಿಯೇ ಭೋರ್ ಸಮಿತಿಯು, ಹಣ ಕೊಡಲಾರದ ಕಾರಣಕ್ಕೆ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಕೂಡದು ಎಂಬ ತತ್ವವನ್ನು ಮುಂದಿಟ್ಟಿತು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂತು. ಕೇಂದ್ರ ಸರಕಾರದ ನೌಕರರಿಗೆ 1954ರಲ್ಲಿ ದಿಲ್ಲಿಯಲ್ಲಿ ಪ್ರತ್ಯೇಕ ಯೋಜನೆ ಆರಂಭವಾಯಿತು. ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಹೀಗೆ ಒಂದು ನೆರಳು ಸಿಕ್ಕಿತು. ಹೊಲದಲ್ಲಿ, ಕಲ್ಲು ಗಣಿಯಲ್ಲಿ, ಬೀದಿಯಲ್ಲಿ ದುಡಿಯುವವರಿಗೆ ಸಿಗಲಿಲ್ಲ.

ಅವರ ಪಾಲಿಗೆ ಬಾಗಿಲು ತೆರೆದವರಲ್ಲಿ ಕನ್ನಡ ನಾಡು ಮುಂದಿನ ಸಾಲಿನದು ಎಂಬುದನ್ನು ರಾಜ್ಯೋತ್ಸವದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಬಹುದು. 2003ರಲ್ಲಿ ಕಾರ್ಯರೂಪಕ್ಕೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಿದರೆ, ಸರಕಾರವೂ ಒಂದಷ್ಟು ಸೇರಿಸಿ, ಅವನಿಗೆ ಶಸ್ತ್ರಚಿಕಿತ್ಸೆಯ ರಕ್ಷಣೆ ಕೊಡುತ್ತಿದ್ದರು. ಇದರ ಹಿಂದೆ ಬೆಂಗಳೂರಿನ ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಯೋಚನೆ ಇತ್ತು. ಲೆಕ್ಕದವನಾದ ನನಗೆ ಇದು ಬಹಳ ಮೆಚ್ಚಿಕೆಯಾದ ಯೋಜನೆ. ಏಕೆಂದರೆ ಅರವತ್ತು ರೂಪಾಯಿ ಕಟ್ಟಿದವನು ದವಾಖಾನೆಯ ಬಾಗಿಲಲ್ಲಿ ಕೈಮುಗಿದು ನಿಲ್ಲಬೇಕಾಗಿಲ್ಲ, ರಸೀದಿ ತೋರಿಸಿ ನಿಲ್ಲಬಹುದು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದರು. 2022-23ರಲ್ಲಿ ಮತ್ತೆ ಜೀವ ಕೊಟ್ಟರು.

ಈ ಕಡೆ ಅವಿಭಜಿತ ಆಂಧ್ರಪ್ರದೇಶದಲ್ಲಿ 2007ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸರಕಾರ ಆರೋಗ್ಯಶ್ರೀಯನ್ನು ಮೊದಲು ಮೂರು ಜಿಲ್ಲೆಗಳಲ್ಲಿ ಆರಂಭಿಸಿತು. ಇದರಲ್ಲಿ ಬಡವನು ಏನನ್ನೂ ಕಟ್ಟಬೇಕಾಗಿಲ್ಲ. ಬಿಳಿ ಕಾರ್ಡು ಇದ್ದರೆ ಸಾಕು. ಕರ್ನಾಟಕವು ಇದನ್ನು ನೋಡಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀಯನ್ನು ತಂದಿತು. ಮೊದಲು ತಂದದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. ಅದರ ಫಲವೇನಾಯಿತೆಂದು ಪರೀಕ್ಷೆ ಮಾಡಿದವರಿದ್ದಾರೆ. ಯೋಜನೆ ಬಂದಿದ್ದ 300 ಹಳ್ಳಿಗಳನ್ನೂ ಗಡಿಗೆ ಹತ್ತಿಕೊಂಡೇ ಇದ್ದು ಯೋಜನೆ ಇನ್ನೂ ಬಾರದಿದ್ದ 272 ಹಳ್ಳಿಗಳನ್ನೂ ಹೋಲಿಸಿ ನೋಡಿದರು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವುಗಳ ಪ್ರಮಾಣ, ಯೋಜನೆ ಇದ್ದ ಕಡೆ ನೂರಕ್ಕೆ 64ರಷ್ಟು ಕಡಿಮೆ ಕಂಡಿತೆಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ನಡುವೆ ಇದ್ದದ್ದು ಒಂದು ಗೆರೆ. ಗೆರೆಯ ಈಚೆಯವನು ಬದುಕಿದ, ಆಚೆಯವನು ಹೋದ. ನಮ್ಮ ಮಾಮಾನ ಸಂಗತಿಯನ್ನು ನೆನೆದು ನಾನು ಈ ಲೆಕ್ಕವನ್ನು ಎಷ್ಟು ಸಲ ಓದಿದೆನೋ!

ಇನ್ನು ರಾಜಕೀಯದ ಜಗಳ. 2018ರ ಸೆಪ್ಟೆಂಬರ್ 23ರಂದು ಪ್ರಧಾನಿಗಳು ರಾಂಚಿಯಲ್ಲಿ ಆಯುಷ್ಮಾನ್ ಭಾರತ ವಿಮೆಯನ್ನು ಆರಂಭಿಸಿದರು: ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ, ಸಾಮಾನ್ಯವಾಗಿ ಖರ್ಚಿನಲ್ಲಿ ಕೇಂದ್ರಕ್ಕೆ ಅರವತ್ತು ಪಾಲು, ರಾಜ್ಯಕ್ಕೆ ನಲವತ್ತು. ತೆಲಂಗಾಣದವರು ತಮ್ಮ ಆರೋಗ್ಯಶ್ರೀಯೇ ಹೆಚ್ಚು ಕುಟುಂಬಗಳಿಗೆ ಸಲ್ಲುತ್ತದೆಂದು ದೂರ ನಿಂತರು. ಕೇಂದ್ರದವರು, ಬಡವರಿಗೆ ಬರುವುದನ್ನು ರಾಜ್ಯವೇ ತಡೆಯುತ್ತಿದೆ ಎಂದರು. ಎರಡು ಕಡೆಯೂ ಸ್ವಲ್ಪ ಸ್ವಲ್ಪ ನಿಜ ಇತ್ತು. 2021ರಲ್ಲಿ ತೆಲಂಗಾಣ ಸೇರಿತು. 2023ರ ಡಿಸೆಂಬರ್ 9ರಂದು ಹೊಸ ಸರಕಾರ ಆರೋಗ್ಯಶ್ರೀಯ ಮಿತಿಯನ್ನು ಹತ್ತು ಲಕ್ಷಕ್ಕೆ ಏರಿಸಿತು. ಕಾರ್ಡಿನ ಮೇಲೆ ಯಾರ ಚಿತ್ರ ಇರಬೇಕು, ಯೋಜನೆಗೆ ಯಾರ ಹೆಸರಿಡಬೇಕು ಎಂಬುದೂ ಈ ಜಗಳದ ಒಂದು ಭಾಗ. ಅದರ ಬಗ್ಗೆ ನಾನು ಕಾಲ ಕಳೆಯುವುದಿಲ್ಲ. ಎದೆನೋವು ಬಂದವನು ಚಿತ್ರ ನೋಡುವುದಿಲ್ಲ.

ಆದರೆ ವಿಮೆಯನ್ನು ಹೀಗೆ ಹಿಗ್ಗಿಸುವುದನ್ನು ವಿರೋಧಿಸುವವರಲ್ಲಿ ಕೇಳಬೇಕಾದ ಮಾತನ್ನು ಆಡುವವರೂ ಇದ್ದಾರೆ. ಅವರು ಹೇಳುವುದೇನೆಂದರೆ, ಸರಕಾರದ ಹಣವೆಲ್ಲ ಖಾಸಗಿ ಆಸ್ಪತ್ರೆಗೆ ಹರಿದು ಸರಕಾರಿ ದವಾಖಾನೆ ಸೊರಗುತ್ತದೆ. ಈ ನಾಂಪಲ್ಲಿಯಲ್ಲಿ ಕುಳಿತು ಆ ಮಾತನ್ನು ತಳ್ಳಿಹಾಕುವುದು ಹೇಗೆ? ಪಕ್ಕದ ರೆಡ್ ಹಿಲ್ಸ್‌ನಲ್ಲಿ ನೀಲೋಫರ್ ದವಾಖಾನೆ ಇದೆ. ರಾಜಕುಮಾರಿ ನೀಲೋಫರ್ ಅವರ ಪ್ರೀತಿಯ ದಾಸಿಯೊಬ್ಬಳು 1949ರಲ್ಲಿ ಹೆರಿಗೆಯಲ್ಲಿ ತೀರಿಕೊಂಡ ದುಃಖದಿಂದ ಹುಟ್ಟಿ, 1953ರಲ್ಲಿ ತೆರೆದ ಆಸ್ಪತ್ರೆ ಅದು. ಅದರ ಆಸುಪಾಸಿನಲ್ಲೇ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ, 1955ರದು. ಬೀದರ, ಕಲಬುರಗಿ, ರಾಯಚೂರುಗಳಿಂದ ರೈಲಿಳಿದು ಬಂದ ಎಷ್ಟು ಕನ್ನಡ ಕುಟುಂಬಗಳ ಕೂಸುಗಳು ನೀಲೋಫರಿನಲ್ಲಿ ಉಳಿದಿವೆ! ಈ ಸಭೆಯಲ್ಲೇ ಅಲ್ಲಿ ಹುಟ್ಟಿದವರು ಇದ್ದೀರಿ, ನಾನೂ ಒಬ್ಬ. ಅಲ್ಲಿ ಯಾವ ರಾಜ್ಯದವನೆಂದು ಮೊದಲು ಕೇಳುವುದಿಲ್ಲ, ಮಗುವಿಗೆ ಏನಾಗಿದೆಯೆಂದು ಕೇಳುತ್ತಾರೆ. ಒಂದು ಹಾಸಿಗೆಯ ಮೇಲೆ ಇಬ್ಬರನ್ನು ಮಲಗಿಸಬೇಕಾಗಿ ಬಂದರೂ ಹೊರಗೆ ಕಳಿಸುವುದಿಲ್ಲ. ಇಂಥದನ್ನು ಒಣಗಿಸಿ ವಿಮೆ ಬೆಳೆಸಿದರೆ ಅದು ಬಾವಿ ಮುಚ್ಚಿ ಕೊಡ ಹಂಚಿದಂತೆ.

ಇನ್ನೊಂದು ಆಕ್ಷೇಪಣೆ ಮೋಸದ್ದು. 2012ರಲ್ಲಿ ಛತ್ತೀಸಗಢದಲ್ಲಿ, ಆಗಿನ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆದ ಸುದ್ದಿ ದೇಶವನ್ನೇ ನಾಚಿಸಿತು. 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಲ್ಲಿ, ಆಯುಷ್ಮಾನ್ ಯೋಜನೆಯ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳಿಗೆ ಒಂದೇ ಮೊಬೈಲ್ ಸಂಖ್ಯೆ ಇದ್ದದ್ದು ಹೊರಬಿತ್ತು: ಹತ್ತು ಒಂಬತ್ತುಗಳು! ಗುರುತು ಹಿಡಿಯುವುದಕ್ಕೆ ಮೊಬೈಲ್ ಸಂಖ್ಯೆಯನ್ನು ಬಳಸುವುದಿಲ್ಲವೆಂದು ಸರಕಾರ ಸಮಜಾಯಿಷಿ ಕೊಟ್ಟಿತು. ಇರಬಹುದು. ನಮ್ಮ ಬ್ಯಾಂಕಿನಲ್ಲಿ ಹಾಗೆ ಒಂದು ಖಾತೆ ತೆರೆದರೂ ನನಗೆ ನೋಟೀಸು ಬರುತ್ತದೆ.

ಮೂರನೆಯದು, ಘೋಷಿಸಿದ ಹಣ ಸಂದಾಯವಾಗದಿರುವುದು. ಹತ್ತು ಲಕ್ಷವೆಂದು ಬರೆದರೆ ಸಾಲದು. 2025ರ ಸೆಪ್ಟೆಂಬರಿನಲ್ಲಿ ಬಾಕಿ ಹಣ ಬಂದಿಲ್ಲವೆಂದು ತೆಲಂಗಾಣದ ಖಾಸಗಿ ಆಸ್ಪತ್ರೆಗಳು ಆರೋಗ್ಯಶ್ರೀ ಸೇವೆಯನ್ನು ಕೆಲವು ದಿನ ನಿಲ್ಲಿಸಿದ್ದನ್ನು ತಾವೆಲ್ಲ ಓದಿದ್ದೀರಿ. ಹಣವಿಲ್ಲದ ಖಾತೆಯ ಮೇಲೆ ಬರೆದ ಚೆಕ್ಕಿಗೂ ಇದಕ್ಕೂ ಏನು ವ್ಯತ್ಯಾಸ? 2017ರ ರಾಷ್ಟ್ರೀಯ ಆರೋಗ್ಯ ನೀತಿಯು, 2025ರ ಹೊತ್ತಿಗೆ ಸರಕಾರಗಳು ಆರೋಗ್ಯಕ್ಕಾಗಿ ಮಾಡುವ ವೆಚ್ಚ ದೇಶದ ಉತ್ಪನ್ನದ ನೂರಕ್ಕೆ ಎರಡೂವರೆಗೆ ಏರಬೇಕೆಂದು ಗುರಿ ಇಟ್ಟಿತ್ತು. 2021-22ರಲ್ಲಿ ಅದು 1.84ರಷ್ಟಿತ್ತು. ಜಗಳದ ನಿಜವಾದ ಮೂಲ ಇಲ್ಲಿದೆ. ಇಷ್ಟು ಸಣ್ಣ ಗಂಟಿನಲ್ಲಿ ವಿಮೆಗೂ ದವಾಖಾನೆಗೂ ಪಾಲು ಹಂಚಬೇಕೆಂದರೆ ಅಣ್ಣತಮ್ಮಂದಿರೂ ಬಡಿದಾಡುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ, ನಿನ್ನ ಮತ ಯಾವುದು ಎಂದು ತಾವು ಕೇಳಬಹುದು. ವಿಮೆ ಎಲ್ಲರಿಗೂ ಹಿಗ್ಗಬೇಕು ಎಂಬ ಪಕ್ಷ ನನ್ನದು. ಬಡವರ ಪಟ್ಟಿ ಎಂಬುದನ್ನು ಬರೆಯುವಾಗಲೇ ನಿಜವಾದ ಬಡವನೊಬ್ಬ ಹೊರಗೆ ಉಳಿಯುತ್ತಾನೆ, ಊರು ಬಿಟ್ಟು ಬಂದವನಂತೂ ಖಂಡಿತ ಉಳಿಯುತ್ತಾನೆ. ಆದರೆ ಐದು ಲಕ್ಷವನ್ನು ಹತ್ತು, ಹತ್ತನ್ನು ಇಪ್ಪತ್ತು ಎಂದು ಏರಿಸುವುದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಕೈಯಿಂದ ಹೋಗುವ ಹಣ ಬಹಳಮಟ್ಟಿಗೆ ಹೋಗುವುದು ಮಲಗುವ ರೋಗಿಗಲ್ಲ, ತಿಂಗಳು ತಿಂಗಳು ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಗುಳಿಗೆ ಕೊಳ್ಳುವವನಿಗೆ. ಈ ವಿಮೆಗಳು ಮುಖ್ಯವಾಗಿ ಮಲಗುವ ರೋಗಿಗೆ ಮಾತ್ರ. ಹೈದರಾಬಾದಿನಲ್ಲಿ 2018ರಿಂದ ತೆರೆದ ಬಸ್ತಿ ದವಾಖಾನೆಗಳು, ಉಚಿತ ರಕ್ತಪರೀಕ್ಷೆ, ಇವು ಸದ್ದು ಮಾಡದ ಕೆಲಸ. ಮಾಮಾ ಈಗ ಗುಳಿಗೆ ತರುವುದು ಮನೆಯ ಹಿಂದಿನ ಬಸ್ತಿ ದವಾಖಾನೆಯಿಂದ. ಒಂದು ರಾತ್ರಿಯ ಎರಡು ಲಕ್ಷವನ್ನು ತಪ್ಪಿಸುತ್ತಿದ್ದದ್ದು ಬಹುಶಃ ಆ ಗುಳಿಗೆಯೇ.

ಇನ್ನು ನಮ್ಮ ಗಡಿಯ ಮಾತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಮೂರು ಭಾಗವಾಗಿ ಬೀದರ, ಕಲಬುರಗಿ, ರಾಯಚೂರು ಕನ್ನಡ ನಾಡನ್ನು ಸೇರಿದವು. ಆ ದಿನವನ್ನೇ ನಾವು ಹಬ್ಬವಾಗಿ ಆಚರಿಸುತ್ತೇವೆ, ಆಚರಿಸಬೇಕು. ಆದರೆ ಗೆರೆ ಎಳೆದ ಮೇಲೂ ರೈಲು ನಿಲ್ಲಲಿಲ್ಲ, ಕೂಲಿ ನಿಲ್ಲಲಿಲ್ಲ, ಬೀಗತನ ನಿಲ್ಲಲಿಲ್ಲ. ಒಂದು ದೇಶ ಒಂದು ರೇಷನ್ ಕಾರ್ಡು ಎಂಬ ಏರ್ಪಾಡಿನಲ್ಲಿ 2020ರಿಂದ ಊರಿನ ಕಾರ್ಡಿಗೆ ಇಲ್ಲಿಯೂ ಧಾನ್ಯ ಸಿಗುವಂತಾಯಿತು. ಅಕ್ಕಿ ಗೆರೆ ದಾಟಿತು. ಚಿಕಿತ್ಸೆ ಇನ್ನೂ ಅರ್ಧ ದಾಟಿದೆ. ಕೇಂದ್ರದ ಪಟ್ಟಿಯಲ್ಲಿ ಹೆಸರಿರುವ ಕುಟುಂಬ ಬೇರೆ. ರಾಜ್ಯ ತನ್ನ ಖರ್ಚಿನಿಂದ ಸೇರಿಸಿಕೊಂಡ ಕುಟುಂಬ ಬೇರೆ. ಕಾರ್ಡು ನೋಡಲು ಒಂದೇ ಬಗೆಯಾಗಿದ್ದರೂ ಹೊರರಾಜ್ಯದ ಕೌಂಟರಿನಲ್ಲಿ ಬೆಲೆ ಬೇರೆ. ನಮ್ಮದು ಯಾವುದೆಂದು ಕಾಯಿಲೆ ಬರುವ ಮುನ್ನವೇ ವಿಚಾರಿಸಿ ಇಟ್ಟುಕೊಳ್ಳಬೇಕು. ಎರಡು ಸರಕಾರಗಳೂ ಕೂತು ಇದನ್ನು ಬಗೆಹರಿಸಬೇಕೆಂದು ಸಂಘದ ವತಿಯಿಂದ ಒಂದು ಮನವಿ ಬರೆಯೋಣವೆಂದು ಅಧ್ಯಕ್ಷರಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಕನ್ನಡದಲ್ಲೊಂದು ಪ್ರತಿ, ತೆಲುಗಿನಲ್ಲೊಂದು ಪ್ರತಿ.

ಮನವಿಗೆ ಉತ್ತರ ಬರುವವರೆಗೆ ಸುಮ್ಮನಿರಬೇಕಾಗಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಎಪ್ಪತ್ತು ತುಂಬಿದ ಹಿರಿಯರೆಲ್ಲರಿಗೂ, ಬಡವರಿರಲಿ ಇಲ್ಲದವರಿರಲಿ, ವರ್ಷಕ್ಕೆ ಐದು ಲಕ್ಷದ ಆಯುಷ್ಮಾನ್ ಕಾರ್ಡನ್ನು ಕೇಂದ್ರ ಸರಕಾರ ಆರಂಭಿಸಿತು. ಅದಕ್ಕೆ ರೇಷನ್ ಕಾರ್ಡು ಕೇಳುವುದಿಲ್ಲ, ಆಧಾರ್ ಸಾಕು. ಖಾಸಗಿ ವಿಮೆ ಇದ್ದವರೂ ಮಾಡಿಸಬಹುದು. ಆದರೆ ಕೇಂದ್ರ ಸರಕಾರದ ಆರೋಗ್ಯ ಯೋಜನೆಯಲ್ಲಿರುವ ನಿವೃತ್ತರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದನ್ನು ಯಾವ ಆಸ್ಪತ್ರೆಯಲ್ಲಿ ಸ್ವೀಕರಿಸುತ್ತಾರೆಂದು ಮೊದಲೇ ಕೇಳಿಕೊಳ್ಳಬೇಕು.

ಬರುವ ತಿಂಗಳಿನಿಂದ ಪ್ರತಿ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ, ಪುಸ್ತಕದ ಕಪಾಟಿನ ಪಕ್ಕದಲ್ಲಿ ಒಂದು ಮೇಜು ಹಾಕಿಕೊಳ್ಳಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ನಾನೂ ನನ್ನ ಇಬ್ಬರು ಗೆಳೆಯರೂ ಅಲ್ಲಿ ಕುಳಿತಿರುತ್ತೇವೆ. ಬರುವವರು ಆಧಾರ್, ರೇಷನ್ ಕಾರ್ಡು (ಯಾವ ರಾಜ್ಯದ್ದಾದರೂ ಸರಿ), ಆಧಾರಿಗೆ ಜೋಡಿಸಿದ ಮೊಬೈಲು ತರಬೇಕು. ಮನೆಗೆಲಸಕ್ಕೆ ಬರುವ ಅಕ್ಕಂದಿರನ್ನೂ ಕಟ್ಟಡದ ಕೆಲಸದ ನಮ್ಮ ಕಡೆಯ ಹುಡುಗರನ್ನೂ ಕರೆತನ್ನಿ. ಸಂಘದ ಸದಸ್ಯರೇ ಆಗಿರಬೇಕೆಂದಿಲ್ಲ. ಮಾಮಾನಿಗೆ ಈ ವರ್ಷ ಎಪ್ಪತ್ತು ತುಂಬಿತು. ಮೊದಲನೆಯ ಅರ್ಜಿ ಅವರದು, ಬರೆದು ಇಟ್ಟಿದ್ದೇನೆ.